ಕೌದಿಯ ಮೂಲೆ ಬಿಚ್ಚಿದ ದಿನ

ಫೋನು ಬಂದಾಗ ನಾನು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಮಸಾಲೆ ಖಾರಕ್ಕೆಂದು ತಂದ ಕಾಯಿ ಪಡಸಾಲೆಯ ತುಂಬ ಹರವಿತ್ತು. ಬಾಯಿ ಮೂಗಿಗೆ ಸೆರಗು ಕಟ್ಟಿ, ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದೆ. ಎಷ್ಟು ಎಣ್ಣೆ ಸವರಿದರೂ ಖಾರ ಉಗುರಿನ ಸಂದಿಗೆ ಇಳಿದೇ ಇಳಿಯುತ್ತದೆ. ಹಾಗಾಗಿ ಫೋನನ್ನು ನಮ್ಮ ಅತ್ತೆಯೇ ಎತ್ತಿ ನನ್ನ ಕಿವಿಗೆ ಹಿಡಿದರು.

ಆ ಕಡೆ ಅಳಿಯ. “ಅತ್ತೀ, ಗಾಬರಿ ಆಗಬ್ಯಾಡ್ರಿ. ನಸುಕಿನ್ಯಾಗ ನೀರ ಹೋದವ್ರಿ. ಚಿಕ್ಕೋಡಿಗೆ ಕರಕೊಂಡ ಬಂದೇನಿ. ಆಪರೇಶನ್ ಮಾಡಾಕ ಒಳಗ ಒಯ್ದಾರ.”

ಮಗಳಿಗೆ ಆಗಿನ್ನೂ ಎಂಟನೇ ತಿಂಗಳು. ಆಕೆಯ ಗಂಡನ ಮನೆ ನಿಪ್ಪಾಣಿ ಕಡೆಯ ಹಳ್ಳಿ, ನಮ್ಮದು ರಾಯಬಾಗದ ಹತ್ತಿರ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಆದರೆ ಎಂಟರಲ್ಲಿ ಕರೆತರಬಾರದು, ಒಂಬತ್ತು ಬೀಳಲಿ ಅಂತ ಎರಡೂ ಮನೆಯವರು ಕಾಯುತ್ತಿದ್ದೆವು. ಕೂಸು ನಮ್ಮ ಯಾರ ಮಾತಿಗೂ ಕಾಯಲಿಲ್ಲ.

ಮಜ್ಜಿಗೆ, ಕಡಲೆಹಿಟ್ಟು, ಸಾಬೂನು ಎಲ್ಲ ಹಾಕಿ ಕೈ ತಿಕ್ಕಿ ತೊಳೆದು ಬಸ್ಸು ಹಿಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಇಂಥ ಹೊತ್ತಿನಲ್ಲಿ ಕೂರಲು ಜಾಗ ಸಿಗುವುದೂ ತಾಯಿಯ ದಯವೇ ಎಂದುಕೊಂಡು ನಮ್ಮ ದೇವಿ ಮಾಯವ್ವನ ಹೆಸರು ಹೇಳುತ್ತ ಹೋದೆ. ನಾನು ಮುಟ್ಟುವ ಹೊತ್ತಿಗೆ ಹೆರಿಗೆ ಆಗಿತ್ತು. ಹೆಣ್ಣು ಕೂಸು. ತೂಕ ಒಂದೂವರೆ ಕಿಲೋಕ್ಕೆ ಚೂರು ಕಡಿಮೆ. ಕಾವಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಸಿಸ್ಟರು ನನ್ನ ಕೈಗೆ ಔಷಧದ ನೀರು ಹಾಕಿದಳು. ಉಗುರಿನ ಸಂದಿಯಲ್ಲಿದ್ದ ಖಾರವೆಲ್ಲ ಚುರುಗುಟ್ಟಿ ಎದ್ದಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

“ಯಾಕ್ರಿ ಆಯಿ, ಏನಾತು?” ಅಂದಳು.

ನನ್ನನ್ನು ಆಯಿ, ಅಂದರೆ ಅಜ್ಜಿ, ಅಂತ ಮೊದಲು ಕರೆದವಳು ಆಕೆ. ಮೊಮ್ಮಗಳನ್ನು ಅವತ್ತು ನಾನು ಮುಟ್ಟಲಿಲ್ಲ. ಗಾಜಿನ ಈಚೆ ನಿಂತು ನೋಡಿದೆ. ನನ್ನ ಅಂಗೈಯಷ್ಟು ಬೆನ್ನು, ಅದರ ಮೇಲೆ ನೂಲಿನಂಥ ಕೂದಲು. ಉಸಿರು ಇತ್ತು. ಅಷ್ಟು ಸಾಕು ಅಂತ ಕೈ ಮುಗಿದೆ.

ನನ್ನ ಕೈಗೆ ಸುಮ್ಮನೆ ಕೂತು ಗೊತ್ತಿಲ್ಲ. ಮನೆಗೆಲಸ ಮುಗಿದ ಮೇಲೆ ಏನಾದರೂ ಹೊಲಿಯುವುದು, ಹೆಣೆಯುವುದು, ನೇಯುವುದು ಇದ್ದೇ ಇರುತ್ತದೆ. ಅದೂ ಒಂದೇ ಸಲಕ್ಕೆ ಮೂರು. ಆಗ ನನ್ನಲ್ಲಿ ಶಾಲೆಯಲ್ಲಿ ಕಲಿಸುವ ಬಾಯಿಯವರಿಗೆ ಹಳೆ ಬಟ್ಟೆಯ ಚೂರು ಜೋಡಿಸಿ ಹೊಲಿಯುತ್ತಿದ್ದ ದೊಡ್ಡ ಕೌದಿ ಅರ್ಧಕ್ಕಿತ್ತು. ಬಾಗಿಲಿಗೆ ಉಣ್ಣೆಯ ತೋರಣ ಅರ್ಧಕ್ಕಿತ್ತು. ಬಣ್ಣದ ನೂಲಿನ ಪಟ್ಟಿ, ಬೆರಳೆರಡರ ಅಗಲದ್ದು, ಮಗ್ಗದ ಮೇಲೆ ಅರ್ಧಕ್ಕಿತ್ತು. ಮಗ್ಗ ಅಂದರೆ ದೊಡ್ಡದಲ್ಲ. ಐಸ್‌ಕ್ರೀಮಿನ ಕಡ್ಡಿಗಳಿಗೆ ಕಾಸಿದ ಸೂಜಿಯಿಂದ ನಡುವೆ ತೂತು ಹಾಕಿ, ಸಾಲಾಗಿ ಅಂಟಿಸಿ ಹಣಿಗೆ ಮಾಡಿಕೊಂಡಿದ್ದೇನೆ. ಒಂದೆಳೆ ತೂತಿನಲ್ಲಿ, ಒಂದೆಳೆ ಸಂದಿನಲ್ಲಿ. ಹಣಿಗೆ ಎತ್ತಿದರೆ ಒಂದು ದಾರಿ, ಇಳಿಸಿದರೆ ಇನ್ನೊಂದು ದಾರಿ ತೆರೆಯುತ್ತದೆ. ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ನನ್ನ ಸೊಂಟಕ್ಕೆ. ಹೆಣೆಯುವ ಕೊಕ್ಕೆಗಳೂ ಅಷ್ಟೇ, ಸೈಕಲ್ಲಿನ ಕಡ್ಡಿಯನ್ನು ಕಲ್ಲಿಗೆ ಉಜ್ಜಿ, ಕಾನಸಿನಿಂದ, ಅಂದರೆ ಅರದಿಂದ, ತುದಿ ತಿಕ್ಕಿ ನಾನೇ ಮಾಡಿದವು. ಅಂಗಡಿಯ ಕೊಕ್ಕೆ ನನ್ನ ಹಿಡಿತಕ್ಕೆ ಒಗ್ಗುವುದಿಲ್ಲ.

ನಮ್ಮ ಯಜಮಾನರು ಊರಿನ ನೀರಿನ ಟಾಕಿ ನೋಡಿಕೊಳ್ಳುವವರು. ಬಂದವರ ಮುಂದೆ ಅನ್ನುತ್ತಿರುತ್ತಾರೆ, “ನಮ್ಮ ಮನ್ಯಾಗ ಒಂದ ಗುಜರಿ ಅಂಗಡಿ ಐತ್ರಿ. ಏನ ಕಳದರೂ ಅಲ್ಲಿ ಕೊಕ್ಕಿ ಆಗಿ ಸಿಗತೈತಿ.”

ಇಷ್ಟೆಲ್ಲ ಇದ್ದ ಮನೆಯಲ್ಲಿ ಕೂಸಿಗೆ ಅಂತ ಒಂದು ಚೂರು ಬಟ್ಟೆ ತಯಾರಿರಲಿಲ್ಲ. ಹುಟ್ಟದ ಕೂಸಿಗೆ ಹೊಲಿಯಬಾರದು ಎನ್ನುವವರು ನಾವು.

ಮೂರನೇ ದಿನ ಕೂಸನ್ನು ಪೆಟ್ಟಿಗೆಯಿಂದ ತೆಗೆದು ಮಗಳ ಕೋಣೆಗೆ ಕೊಟ್ಟರು. ಆ ಕೋಣೆಯಲ್ಲಿ ಎರಡು ಮಂಚ. ಪಕ್ಕದ ಮಂಚದಲ್ಲಿ ಕುಡಚಿಯ ಒಬ್ಬ ಹುಡುಗಿ, ಆಕೆಗೂ ದಿನ ತುಂಬದ ಕೂಸು, ಜೊತೆಗೆ ಆಕೆಯ ತಾಯಿ. ಡಾಕ್ಟರ್ ಬಾಯಿಯವರು ನನ್ನನ್ನೂ ಆ ತಾಯಿಯನ್ನೂ ನಿಲ್ಲಿಸಿಕೊಂಡು ಹೇಳಿದರು.

“ಇಂಥ ಕೂಸಿಗೆ ತಾಯಿ ಎದೆಗಿಂತ ಒಳ್ಳೆ ಕಾವು ಇಲ್ಲ. ಬಟ್ಟೆ ತೆಗೆದು ಕೂಸನ್ನ ಎದೆಗೆ ಹಚ್ಚಿ ಕಟ್ಟಬೇಕು. ಮೈಗೆ ಮೈ ತಾಗಬೇಕು. ಐದು ನಿಮಿಷ ಹತ್ತು ನಿಮಿಷ ಅಲ್ಲ, ದಿನದಾಗ ಎಷ್ಟು ತಾಸು ಆಗುತ್ತೋ ಅಷ್ಟು. ಕಾವು ಹಿಡಿದ್ರೆ ತೂಕ ಹಿಡೀತದೆ.”

ಕುಡಚಿಯ ಹುಡುಗಿಗೆ ಸಹಜ ಹೆರಿಗೆ, ಆಕೆ ಕಟ್ಟಿಕೊಂಡು ಕೂತಳು. ನನ್ನ ಮಗಳಿಗೆ ಆಗಲಿಲ್ಲ. ಕೂಸನ್ನು ಕಟ್ಟಲು ಕೊಟ್ಟ ದವಾಖಾನೆಯ ಪಟ್ಟಿ ಹೊಟ್ಟೆಯ ಹೊಲಿಗೆಯ ಮೇಲೆ ಒತ್ತುತ್ತಿತ್ತು. ಪಟ್ಟಿ ಬಿಟ್ಟು ಕೈಯಲ್ಲೇ ಹಿಡಿದರೆ ಅರ್ಧ ತಾಸಿಗೆ ತೋಳು ನಡುಗುತ್ತಿದ್ದವು.

“ಯವ್ವಾ, ತಗೀಬೇ ಇದನ್ನ, ನನಗ ಒಲ್ಯಾಗ ಬಿದ್ದಂಗ ಆಗಾಕತ್ತೈತಿ,” ಅಂತ ಅಳುತ್ತಿದ್ದಳು. ತೆಗೆದ ಮೇಲೆ ತೆಗೆದೆನಲ್ಲಾ ಅಂತ ಮತ್ತೆ ಅಳುತ್ತಿದ್ದಳು.

ಸಂಜೆ ತೂಕ ನೋಡಿದರು. ಹುಟ್ಟಿದ್ದಕ್ಕಿಂತ ಇಳಿದಿತ್ತು. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಇದ್ದದ್ದೇ, ಆದರೆ ಇದು ಜಾಸ್ತಿ, ಕಾಲೂ ತಣ್ಣಗೆ ಇವೆ ಅಂದರು ಡಾಕ್ಟರ್ ಬಾಯಿಯವರು. “ಇನ್ನು ನಾಲ್ಕು ದಿನ ನೋಡ್ತೀನಿ. ಇಳಿಯೋದು ನಿಲ್ಲದಿದ್ರೆ ಮೀರಜಿಗೆ ದೊಡ್ಡ ದವಾಖಾನೆಗೆ ಕಳಿಸಬೇಕಾಗುತ್ತೆ. ಕೂಸು ಒಂದು ಕಡೆ, ತಾಯಿ ಒಂದು ಕಡೆ ಆಗಬಹುದು. ಕಾಗದ ಬರೆದು ಇಟ್ಟಿರ್ತೀನಿ.” ಬರೆದೂ ಬಿಟ್ಟರು. ಕೇಸಿನ ಫೈಲಿನ ಮೇಲೆಯೇ ಅದನ್ನು ಸಿಕ್ಕಿಸಿಟ್ಟರು.

ಮಗಳ ನೋವು ನಾನು ಹೊರಲಾರೆ. ಆದರೆ ಪಟ್ಟಿ ಸರಿಯಿಲ್ಲ ಅನ್ನುವುದು ನನ್ನ ಕೈಗೆ ತಿಳಿಯುವ ಮಾತು. ಅಳತೆ ತೆಗೆದುಕೊಂಡೆ. ಎದೆಯ ಸುತ್ತ ಎಷ್ಟು ಗೇಣು, ಭುಜದಿಂದ ಹೊಕ್ಕುಳದವರೆಗೆ ಎಷ್ಟು, ಹೊಲಿಗೆ ಎಲ್ಲಿ ಶುರು. ಸೆರಗಿನ ಅಂಚಿಗೆ ಅಳತೆಯ ಗಂಟು ಹಾಕಿಕೊಂಡು ಕೊನೆಯ ಬಸ್ಸಿಗೆ ಮನೆಗೆ ಬಂದೆ. ಮಗಳ ಹತ್ತಿರ ಅಳಿಯ ಉಳಿದ.

ಮರುದಿನ ಬೆಳಕು ಹರಿಯುವಾಗ ಕೆಲಸ ಹಿಡಿದೆ. ಮೊದಲು ಕಿರಾಣಿ ತಕ್ಕಡಿಯಲ್ಲಿ ಕೂಸಿನ ತೂಕದಷ್ಟು ಜೋಳ ತೂಗಿ ಒಂದು ಉದ್ದನೆಯ ಚೀಲಕ್ಕೆ ತುಂಬಿದೆ. ಒಂದು ತುದಿಗೆ ತಲೆಯ ಹಾಗೆ ಗಂಟು ಕಟ್ಟಿದೆ. ಹಳೆಯ ಮೆತ್ತನೆಯ ಸೀರೆ ಹರಿದು ಅದನ್ನು ಎದೆಗೆ ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತೆ. ಎರಡು ರೊಟ್ಟಿ ಆಗುವುದರೊಳಗೆ ಗಂಟು ಸಡಿಲಿ ಚೀಲ ಒಂದು ಗೇಣು ಕೆಳಗೆ ಬಂತು. ಮೂರನೆಯದಕ್ಕೆ ಹಂಚಿನ ಮೇಲೆಯೇ ಬೀಳುತ್ತಿತ್ತು.

ಟಾಕಿಗೆ ನೀರು ಏರಿಸಿ ಬಂದ ಯಜಮಾನರು ಬಾಗಿಲಲ್ಲೇ ನಿಂತರು. “ಏನಿದು, ಜ್ವಾಳಕ್ಕ ಮಲಿ ಕುಡಸಾಕತ್ತಿ?”

“ನಿಮ್ಮ ಬನಿಯನ್ ಎಷ್ಟ ಅದಾವ್ರಿ?”

“ನಾಕ. ಯಾಕ?”

“ನಾಕೂ ಕೊಡ್ರಿ.”

“ನಾ ಏನ ಹಾಕ್ಕೊಳ್ಳಲಿ?”

“ನೀವು ಬಿಸಲಾಗ ನಿಂದ್ರವರು, ನಿಮಗ ಕಾವು ಬೇಕಾಗಿಲ್ಲ ಬಿಡ್ರಿ.”

ಸೀರೆಯ ಬಟ್ಟೆ ಎಳೆದರೆ ಹಿಗ್ಗುವುದಿಲ್ಲ, ಬಿಟ್ಟರೆ ಸಡಿಲುತ್ತದೆ. ಬನಿಯನ್ ಹಾಗಲ್ಲ. ಅಡ್ಡಕ್ಕೆ ಎಳೆದರೆ ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಉದ್ದಕ್ಕೆ ಅಷ್ಟು ಹಿಗ್ಗುವುದಿಲ್ಲ. ಕುದಿಸಿ ಒಣಗಿಸಿದ ಬನಿಯನ್‌ಗಳ ತೋಳಿನ ಕೆಳಗಿನ ಭಾಗ ಕತ್ತರಿಸಿ, ಎರಡನ್ನು ಜೋಡಿಸಿ, ಎದೆಗೆ ಬಿಗಿಯಾಗಿ ಕೂರುವ ಕೊಳವೆ ಮಾಡಿದೆ. ಆದರೆ ಬರೀ ಹಿಗ್ಗುವ ಬಟ್ಟೆ ಭಾರ ತಡೆಯುವುದಿಲ್ಲ. ಕೂಸಿನ ಕುಂಡಿಯ ಕೆಳಗೆ ಹಿಗ್ಗದ ಪಟ್ಟಿ ಬೇಕು, ಅದು ಹೊಕ್ಕುಳದ ಮೇಲೆಯೇ ನಿಂತು ಬೆನ್ನಿಗೆ ಹೋಗಿ, ಅಲ್ಲಿಂದ ಭುಜ ಹತ್ತಬೇಕು. ಹೊಲಿಗೆಯ ಹತ್ತಿರ ಸುಳಿಯಬಾರದು. ಮಗ್ಗದ ಮೇಲಿದ್ದ ಬಣ್ಣದ ಪಟ್ಟಿ ಸಿದ್ಧವೇ ಇತ್ತಲ್ಲ, ನೇಯ್ದಷ್ಟನ್ನು ಕತ್ತರಿಸಿ ಹಚ್ಚಿದೆ. ಬೆನ್ನಲ್ಲಿ ಗಂಟು ಬಿದ್ದರೆ ಮಲಗಿದಾಗ ಒತ್ತುತ್ತದೆ ಎಂದು ಭುಜದ ಮೇಲೆ ತೆಂಗಿನ ಕರಟದ ಎರಡು ಗುಂಡಿ ತಿಕ್ಕಿ ಕೂರಿಸಿದೆ, ಒಂದೇ ಕೈಯಲ್ಲಿ ಬಿಚ್ಚುವ ಹಾಗೆ.

ಈ ಸಲ ಜೋಳದ ಚೀಲ ಹತ್ತು ರೊಟ್ಟಿಯಾದರೂ ಜಾರಲಿಲ್ಲ. ಅಂಗಳ ಗುಡಿಸಿದೆ, ಎರಡು ಕೊಡ ನೀರು ತಂದೆ. ಇದ್ದಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಾನು ಒಂದು ಕೆಲಸದಿಂದ ತೃಪ್ತಿಯಾಗುವವಳಲ್ಲ. ಎದೆಯಿಂದ ಇಳಿಸಿದಾಗ ಕೂಸು ಏನು ಬರೀ ಹಾಸಿಗೆಯಲ್ಲಿ ಮಲಗಬೇಕೇ ಎಂದು ಅತ್ತೆಯ ಹಳೆಯ ಸೀರೆಯ ಚೂರುಗಳಿಂದ ಒಂದು ಪುಟ್ಟ ಕೌದಿಯನ್ನೂ ಹಿಡಿದೆ. ಅತ್ತೆ ಸೂಜಿಗೆ ದಾರ ಪೋಣಿಸಿ ಕೊಡುತ್ತ ಹೋದರು, ನಾನು ಹೊಲಿಯುತ್ತ ಹೋದೆ. ಮಧ್ಯಾಹ್ನಕ್ಕೆ ನಾಲ್ಕನೇ ಮೂಲೆಗೆ ಬಂದೆವು.

ಕೌದಿ ಹೊಲಿಯುವವರಿಗೆ ಇದು ಗೊತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುಣುಕು ರೊಟ್ಟಿ, ಚಿಟಿಕೆ ಸಕ್ಕರೆ ಇಡಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಅಂತಾರೆ. ನಾನು ಇಪ್ಪತ್ತು ವರ್ಷದಿಂದ ಹೊಲಿದ ಒಂದು ಕೌದಿಯನ್ನೂ ಹಸಿದು ಬಿಟ್ಟಿಲ್ಲ. ಮೊಮ್ಮಗಳ ಕೌದಿಯನ್ನು ಬಿಟ್ಟೇನೆಯೇ? ಸಕ್ಕರೆಯ ಬದಲು ಬೆಲ್ಲ ಇಟ್ಟೆ, ಅದೂ ಕೈತುಂಬ. ತಾಯೀ, ಹೊಟ್ಟೆ ತುಂಬಿರಲಿ ಎಂದು ಮೂಲೆ ಮುಚ್ಚಿದೆ.

ಸಂಜೆಯೊಳಗೆ ಚಿಕ್ಕೋಡಿ ಮುಟ್ಟಿ, ಕೌದಿಯನ್ನು ತೊಟ್ಟಿಲಿಗೆ ಹಾಸಿ, ಮಗಳಿಗೆ ಪಟ್ಟಿ ತೊಡಿಸಿದೆ. ಮೊದಲು ಅಂಜಿದಳು. ಕೂಸನ್ನು ಒಳಗೆ ಇಳಿಸಿ, ಕಾಲು ಕಪ್ಪೆಯ ಹಾಗೆ ಮಡಿಸಿ, ಮುಖ ಒಂದು ಪಕ್ಕಕ್ಕೆ ಹೊರಳಿಸಿ, ಮೂಗು ಬಿಡುವಾಗಿದೆಯೇ ಎಂದು ಸಿಸ್ಟರು ಬೆರಳು ಇಟ್ಟು ನೋಡಿದಳು. ಕರಟದ ಗುಂಡಿ ಹಾಕಿದೆ. ಮಗಳು ಮೆಲ್ಲಗೆ ಎರಡೂ ಕೈ ಬಿಟ್ಟಳು. ಬಿಟ್ಟ ಕೈಗಳನ್ನೇ ನೋಡುತ್ತ ಕೂತಳು.

“ಹೊಲಿಗಿ ಮ್ಯಾಲ ಬರ್ತತೇನವಾ?”

“ಇಲ್ಲ ಬೇ.” ಕೂಸಿನ ನೆತ್ತಿ ನೋಡುತ್ತ, “ಇಕಿ ಉಸರಾಡೂದು ನನ್ನ ಹೊಟ್ಟಿಗೆ ತಿಳಿಯಾಕತ್ತೈತಿ,” ಅಂದಳು.

ಎರಡು ತಾಸಿನ ಮೇಲೆ ಡಾಕ್ಟರ್ ಬಾಯಿಯವರು ಬಂದು ಕೂಸಿನ ಪಾದ ಹಿಡಿದು ನೋಡಿದರು. “ಬೆಚ್ಚಗಿದೆ,” ಅಂದರು. ನನಗೆ ಅಷ್ಟೇ ಬೇಕಿತ್ತು.

ರಾತ್ರಿ ಮನೆಗೆ ಹೋಗಿ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಕೋಣೆಯ ಹೊರಗೇ ಸಿಸ್ಟರಿನ ದನಿ ಕೇಳಿಸಿತು. ಸಿಟ್ಟು ಬಂದರೆ ಆಕೆಗೆ ಮರಾಠಿ ಬರುತ್ತಿತ್ತು. “ಹೇ ಕಾಯ್ ಹೇ? ಮುಂಗ್ಯಾ ಕುಠೂನ್ ಆಲ್ಯಾ? ದವಾಖಾನಿ ಐತೋ ಇರಿವಿ ಗೂಡೋ?”

ಇರುವೆ ಎಲ್ಲಿಂದ ಬಂದವು ಅಂತ ಕೂಗುತ್ತಿದ್ದಳು. ಕೂಸಿನ ತೊಟ್ಟಿಲಿನಲ್ಲಿ ಇರುವೆ. ಕೆಂಪಿರುವೆ. ಮಗಳು ಮುಂಜಾನೆ ಸ್ನಾನದ ಮನೆಗೆ ಹೋಗಲೆಂದು ಕೂಸನ್ನು ಇಳಿಸಿ ಕೌದಿಯ ಮೇಲೆ ಮಲಗಿಸಿದ್ದಾಳೆ. ಕಾಲು ತಾಸು ಆಗಿಲ್ಲ. ಎತ್ತಿಕೊಳ್ಳುವಾಗ ಮೊಣಕಾಲ ಹತ್ತಿರ ಸಾಸಿವೆಯಷ್ಟು ಎರಡು ಕೆಂಪು ಗುಳ್ಳೆ. ಕೂಸಿಗೆ ಜೋರಾಗಿ ಅಳುವಷ್ಟೂ ಶಕ್ತಿಯಿಲ್ಲ, ಕುಂಯ್ ಅಂದಿದೆ ಅಷ್ಟೆ.

ಸಿಸ್ಟರು ನಿಂತಿದ್ದು ಕುಡಚಿಯ ತಾಯಿಯ ಮುಂದೆ. ಆಕೆ ಮಗಳಿಗೆ ತಂದಿದ್ದ ಶೀರಾದ ಡಬ್ಬಿ ಎರಡು ಮಂಚಗಳ ನಡುವಿನ ಕಪಾಟಿನ ಮೇಲಿತ್ತು. “ಸಿಹಿ ತರಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕು? ನಿಮ್ಮ ಡಬ್ಬಿಗೆ ಬಂದಾವು. ನೀವಿಬ್ರೂ ಆಚೆ ವಾರ್ಡಿಗೆ ನಡೀರಿ.”

ಆ ತಾಯಿ ಡಬ್ಬಿ ತೆರೆದು ತೋರಿಸುತ್ತಿದ್ದಳು. “ನೋಡ್ರಿ ಸಿಸ್ಟರ್, ಮುಚ್ಚಳ ಗಟ್ಟಿ ಐತಿ. ಒಂದ ಇರಿವಿನೂ ಇಲ್ರಿ. ಆಚಿ ವಾರ್ಡನ್ಯಾಗ ಥಂಡಿ ಭಾಳ ಐತ್ರಿ, ಕೂಸಿಗೆ ಆಗಂಗಿಲ್ಲ.”

ನಾನು ತೊಟ್ಟಿಲು ನೋಡಿದೆ. ಇರುವೆಯ ಸಾಲು ಡಬ್ಬಿಯ ಕಡೆ ಇರಲಿಲ್ಲ. ಗೋಡೆಯಿಂದ ತೊಟ್ಟಿಲ ಕಾಲು ಹತ್ತಿ ಕೌದಿಯ ನಾಲ್ಕನೇ ಮೂಲೆಗೆ ಹೋಗಿತ್ತು. ಬೆಲ್ಲ ದವಾಖಾನೆಯ ಕಾವಿಗೆ ಕರಗಿ ಬಟ್ಟೆಗೆ ಹತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು. ಕೌದಿ ಮಡಿಚಿ ಚೀಲದಲ್ಲಿ ಹಾಕಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಎದೆಪಟ್ಟಿ ಉಳಿಯುತ್ತಿತ್ತು, ಅದರಲ್ಲಿ ಕೂಸಿನ ಕಾಲು ಬೆಚ್ಚಗಾಗಿದ್ದವು. ಹೇಳಿದರೆ ಮನೆಯ ಬಟ್ಟೆಯೇ ಬೇಡ ಅನ್ನುತ್ತಾರೆ, ಪಟ್ಟಿಯೂ ಹೋಗುತ್ತದೆ. ಇದೆಲ್ಲ ಒಂದು ಕ್ಷಣದಲ್ಲಿ ತಲೆಗೆ ಬಂತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಕಡೆಯ ಕೂಸಿಗೂ ಇದೇ ಕಾವು ಬೇಕಿತ್ತು.

“ಸಿಸ್ಟರ್, ಅವರನ್ನ ಬಿಡ್ರಿ. ಇರಿವಿ ಕರದಾಕಿ ನಾನು.”

ಚೀಲದಿಂದ ಕತ್ತರಿ ತೆಗೆದು ಎಲ್ಲರ ಮುಂದೆ ಕೌದಿಯ ಮೂಲೆ ಬಿಚ್ಚಿದೆ. ಕಪ್ಪಾದ ಬೆಲ್ಲ, ಮೆತ್ತಗಾದ ರೊಟ್ಟಿ, ಅದರ ತುಂಬ ಇರುವೆ. ಅಷ್ಟರಲ್ಲಿ ಡಾಕ್ಟರ್ ಬಾಯಿಯವರೂ ಬಂದು ನಿಂತಿದ್ದರು.

“ಕೌದಿಯೊಳಗೆ ರೊಟ್ಟಿ?” ಅಂದರು. ಅವರು ಈ ಕಡೆಯವರಲ್ಲ.

“ಹಸದ ಕೌದಿ ಹಾಸಬಾರ್ದು ಅಂತ ನಮ್ಮಲ್ಲಿ ಪದ್ಧತಿ ಐತ್ರಿ. ದೊಡ್ಡವರ ಕೌದಿಗೆ ನಡೀತೈತಿ, ಒಣ ರೊಟ್ಟಿ, ಇಷ್ಟಿಷ್ಟ ಸಕ್ಕರಿ. ನಾ ಪ್ರೀತಿ ಹೆಚ್ಚಾಗಿ ಬೆಲ್ಲ ತುಂಬೀನಿ. ತಪ್ಪ ನಂದು.”

ಡಾಕ್ಟರ್ ಬಾಯಿಯವರು ಬೈಯಲಿಲ್ಲ. ಗುಳ್ಳೆಗೆ ಮುಲಾಮು ಹಚ್ಚಿಸಿದರು, ತೊಟ್ಟಿಲು ತೊಳೆಸಿದರು. ಆಮೇಲೆ ಹೇಳಿದರು, “ಮನೆಯಲ್ಲಿ ಹೊಲಿದಿದ್ದು ಯಾವುದೂ ಇನ್ನು ಈ ಕೋಣೆಗೆ ಬೇಡ. ಆ ಪಟ್ಟಿಯನ್ನೂ ತೆಗೀರಿ.” ಮಗಳು ಪಟ್ಟಿ ಬಿಚ್ಚಿ ಕೊಡುವಾಗ ನನ್ನ ಮುಖ ನೋಡಲಿಲ್ಲ.

ತೂಕ ನೋಡಿದರು. ಮತ್ತೆ ಇಳಿದಿತ್ತು. ಆದರೆ ಹಿಂದಿನ ದಿನದಷ್ಟು ಇಳಿದಿರಲಿಲ್ಲ. ಆ ವ್ಯತ್ಯಾಸವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಡಾಕ್ಟರ್ ಬಾಯಿಯವರ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

“ಬ್ಯಾಡ ಅಂದ್ರಿ, ಬ್ಯಾಡ. ಆದ್ರ ಹೆಂಗ ಮಾಡಿ ತಂದ್ರ ನಡೀತೈತಿ ಅನ್ನೂದರ ಹೇಳ್ರಿ. ನೀವು ಹೇಳಿದಂಗ ಮಾಡಾಕ ನನಗ ಬರತೈತಿ.”

ಅವರು ನನ್ನ ಕಡೆ ತಿರುಗಿದರು. ಪಾದ ಬೆಚ್ಚಗಾಗಿದ್ದು ಅವರಿಗೂ ನೆನಪಿರಬೇಕು. “ಒಂದೇ ಪದರ ಇರಬೇಕು. ಒಳಗೆ ಏನೂ ಇಲ್ಲ ಅಂತ ಬೆಳಕಿಗೆ ಹಿಡಿದ್ರೆ ಕಾಣಬೇಕು. ಗುಂಡಿ ಬೇಡ, ಅದರ ಬುಡದಲ್ಲಿ ಹೊಲಸು ಕೂರುತ್ತೆ. ಬಣ್ಣದ ನೂಲು ಬೇಡ. ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ, ತೊಳೆದ ಚೀಲದಲ್ಲಿ ಕಟ್ಟಿ ತನ್ನಿ. ಸಿಸ್ಟರ್ ನೋಡ್ತಾರೆ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು.”

ಹೊರಗೆ ಬಂದಾಗ ಕುಡಚಿಯ ತಾಯಿ ಚಹಾದ ಲೋಟ ಹಿಡಿದು ನಿಂತಿದ್ದಳು. “ತಗೊಳ್ರಿ ಅಕ್ಕಾ. ಸಕ್ಕರಿ ಐತಿ, ಇರಿವಿ ಬರೂದ್ರಾಗ ಕುಡೀರಿ,” ಅಂದಳು. ಬೆಳಗಿನಿಂದ ಮೊದಲ ಸಲ ನಗು ಬಂತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ನನಗೆ ಅಂಜಿಕೆ ಇದ್ದದ್ದು ಇಲ್ಲೇ. ಕೌದಿ ಬಿಚ್ಚಿದ್ದು ಅವರಿಗೆ ಅಪಶಕುನ ಅನ್ನಿಸಬಹುದಿತ್ತು. ಬಿಚ್ಚಿದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

“ನಮ್ಮವ್ವ ಬರದ ವರ್ಷದಾಗೂ ಕೌದಿ ಹೊಲೀತಿದ್ದಳು,” ಅಂದರು. “ಆಗ ರೊಟ್ಟಿ ಎಲ್ಲಿದ್ದು? ಮೂಲಿ ಮುಚ್ಚೂಮುಂದ ಬಾಯಿ ಹಚ್ಚಿ ‘ಉಂಡಿಯಾ ತಾಯಿ’ ಅಂತ ಕೇಳತಿದ್ದಳು. ಅಷ್ಟ. ಆ ಕೌದ್ಯಾಗ ನಾವು ಆರ ಮಂದಿ ಮಲಗೇವಿ.”

“ಹಂಗಾರ ನನಗ ಮೊದಲ ಯಾಕ ಹೇಳಲಿಲ್ಲ್ರಿ ಅತ್ತಿ?”

“ನಿನ್ನ ಮನ್ಯಾಗ ರೊಟ್ಟಿ ಇತ್ತಲ್ಲ ಬೇ.”

ಆಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಉಳಿದ ಕೆಲಸಗಳನ್ನು ಎತ್ತಿಟ್ಟದ್ದು. ಶಾಲೆಯ ಬಾಯಿಯವರ ಕೌದಿ ಸುತ್ತಿ ಅಟ್ಟಕ್ಕೆ ಹಾಕಿದೆ. ತೋರಣದ ಉಣ್ಣೆ ಡಬ್ಬಿಗೆ ಹಾಕಿದೆ. ಮಗ್ಗದ ಮೇಲೆ ಉಳಿದಿದ್ದ ಬಣ್ಣದ ಹಾಸನ್ನು, ಉದ್ದಕ್ಕೆ ಕಟ್ಟಿದ ಎಳೆಗಳನ್ನು, ಕತ್ತರಿಸಿ ತೆಗೆದೆ. ಎರಡು ವಾರ ಕೂತು ಲೆಕ್ಕ ಹಾಕಿದ ನಕ್ಷೆ ಅದು. ಮೂರು ಕೆಲಸ ಒಟ್ಟಿಗೆ ಹಿಡಿಯುವುದು ನನಗೆ ಹೆಮ್ಮೆಯ ಮಾತಾಗಿತ್ತು. ಯಾರೂ ಕೇಳದಿದ್ದ ಕೂಸಿನ ಕೌದಿಯನ್ನೂ ಆ ಹೆಮ್ಮೆಯಲ್ಲೇ ಹಿಡಿದಿದ್ದೆ.

ಹೊಸದಾಗಿ ಬಿಳಿ ಹತ್ತಿಯ ನೂಲು ಹಾಸಿದೆ. ಗುಂಡಿ ಬೇಡವೆಂದರೆ ಬಿಗಿಯುವುದು ಹೇಗೆ? ಗಂಟು ಹಾಕಿದರೆ ಜಾರುತ್ತದೆ, ಅದನ್ನು ಜೋಳ ಆಗಲೇ ಕಲಿಸಿತ್ತು. ಪಟ್ಟಿಯಲ್ಲೇ ಸೀಳು ನೇಯುವುದು ಅಂತ ಗೊತ್ತುಮಾಡಿದೆ. ಹಾಸಿನ ಎಳೆಗಳನ್ನು ಎರಡು ಪಾಲು ಮಾಡಿ, ಎಡಪಾಲಿಗೆ ಅಡ್ಡಕ್ಕೆ ಹಾಯುವ ಒಂದು ಹೊಕ್ಕು ದಾರ, ಬಲಪಾಲಿಗೆ ಇನ್ನೊಂದು. ಎರಡು ಬೆರಳು ಉದ್ದ ಬೇರೆಬೇರೆ ನೇಯ್ದು ಮತ್ತೆ ಒಂದು ಮಾಡಿದರೆ ನಡುವೆ ಅಂಚು ಬಿಚ್ಚಿಕೊಳ್ಳದ ಸೀಳು ಉಳಿಯುತ್ತದೆ. ಪಟ್ಟಿಯ ತುದಿಯನ್ನು ಒಂದು ಸೀಳಿನಿಂದ ತೂರಿಸಿ, ಮೇಲಿನ ಸೀಳಿಗೆ ಹಿಂತಿರುಗಿಸಿ ಎಳೆದರೆ ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ಮೊದಲ ಸೀಳು ವಕ್ರ ಬಂತು, ಬಲಪಾಲನ್ನು ನಾನು ಹೆಚ್ಚು ಎಳೆದಿದ್ದೆ. ಬಿಚ್ಚಿದೆ. ಎರಡನೆಯದು ಸರಿ ಬಂತು. ಅವತ್ತು ಒಂದೇ ಒಂದು ಎಳೆ ಹರಿಯಲಿಲ್ಲ. ಇದನ್ನೂ ನಾನು ದೇವರ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಕೊಳವೆಯನ್ನು ಒಂದೇ ಪದರದಲ್ಲಿ ಮತ್ತೆ ಹೊಲಿದೆ, ಅಂಚನ್ನೂ ಮಡಿಸದೆ. ಎರಡು ಜೊತೆ ಮಾಡಿದೆ, ಒಂದು ಮೈಮೇಲಿದ್ದರೆ ಒಂದು ಕುದಿಸಲು. ಜೋಳದ ಚೀಲಕ್ಕೆ ತೊಡಿಸಿ ಬಗ್ಗಿದೆ, ಎದ್ದೆ, ಒರಗಿ ಮಲಗಿದೆ. ಮರುದಿನ ಮುಂಜಾನೆ ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮುಗಿಸಿ ಹೊರಟಾಗ ಯಜಮಾನರು ಬರೀ ಅಂಗಿಯಲ್ಲಿ ಬಾಗಿಲಿಗೆ ಬಂದರು. “ಬನಿಯನ್ ಪಾಸ್ ಆದ್ರ ಫೋನ್ ಮಾಡ.”

ಸಿಸ್ಟರು ಪಟ್ಟಿಯನ್ನು ಕಿಟಕಿಗೆ ಹಿಡಿದಳು. ಆ ಕಡೆಯ ಬೇವಿನ ಮರ ಬಟ್ಟೆಯೊಳಗಿಂದ ಮಸುಕಾಗಿ ಕಂಡಿತು. ಹೊಲಿಗೆಯೆಲ್ಲ ಉಗುರಿನಿಂದ ಕೆದಕಿ ನೋಡಿದಳು, ಮೂಸಿ ನೋಡಿದಳು. ಸೀಳಿಗೆ ಬಂದು ನಿಂತಳು.

“ಇದನ್ನ ಕತ್ತರಿಸಿ ಮಾಡೀರೇನು?”

“ಇಲ್ಲ್ರಿ, ನೇಯ್ದದ್ದು.”

“ಬೆಲ್ಲ?”

“ಇಲ್ಲ್ರಿ.”

“ತೊಡಸ್ರಿ,” ಅಂದಳು.

ಅವತ್ತು ಮಗಳು ಮೂರು ತಾಸು ಕಟ್ಟಿಕೊಂಡಳು, ಮರುದಿನ ಆರು. ಊಟ ಮಾಡುವಾಗಲೂ ಬಿಚ್ಚಲಿಲ್ಲ. ಎರಡನೇ ದಿನ ತೂಕ ಇಳಿಯಲಿಲ್ಲ, ಏರಲೂ ಇಲ್ಲ. ಡಾಕ್ಟರ್ ಬಾಯಿಯವರು ಕಾಗದವನ್ನು ಫೈಲಿನ ಮೇಲೆಯೇ ಬಿಟ್ಟರು. ಮಗಳು ಸ್ನಾನಕ್ಕೆ ಹೋದಾಗ ಸಿಸ್ಟರು ಕೂಸನ್ನು ತೊಟ್ಟಿಲಿಗೆ ಹಾಕಲಿಲ್ಲ. “ಆಯಿ, ನೀವ ಕಟಗೊಳ್ರಿ. ನಿಮ್ಮ ಎದಿನೂ ನಡೀತೈತಿ,” ಅಂದಳು. ಕೈ ತೊಳೆದುಕೊಂಡೆ, ಈ ಸಲ ಉರಿಯಲಿಲ್ಲ. ಅದೇ ತೂಕವನ್ನು ನಾನು ಎಷ್ಟೋ ಸಲ ಹೊತ್ತಿದ್ದೆ. ಆದರೆ ಜೋಳ ಹೊರಳಿ ನನ್ನ ಕುಪ್ಪಸದ ಅಂಚು ಹಿಡಿದಿರಲಿಲ್ಲ. ಹತ್ತು ನಿಮಿಷ ನಾನು ಅಲುಗಾಡಲಿಲ್ಲ.

ಅದರ ಮರುದಿನ ತೂಕ ಹಾಕುವಾಗ ಎಲ್ಲರೂ ತಕ್ಕಡಿಯ ಸುತ್ತ ನೆರೆದೆವು. ಕುಡಚಿಯ ತಾಯಿಯೂ ಜಪದ ಮಣಿಯ ತಸಬಿ ಹಿಡಿದು ನಿಂತಿದ್ದಳು. ಸಿಸ್ಟರು ಅಂಕಿ ಓದಿದಳು, ಡಾಕ್ಟರ್ ಬಾಯಿಯವರು ಇನ್ನೊಮ್ಮೆ ಹಾಕಿ ಅಂದರು, ಇನ್ನೊಮ್ಮೆ ಹಾಕಿದರೂ ಅದೇ ಬಂತು. ಇಪ್ಪತ್ತು ಗ್ರಾಂ ಏರಿತ್ತು. ಅವರು ಫೈಲಿನ ಮೇಲಿನ ಮೀರಜಿನ ಕಾಗದ ತೆಗೆದು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಪಕ್ಕದ ಮಂಚದ ಹುಡುಗಿಯನ್ನು ತೋರಿಸಿ, “ಇವಳಿಗೂ ಒಂದು ಜೊತೆ ಮಾಡಿಕೊಡ್ತೀರಾ? ಇದೇ ತರ, ಒಂದೇ ಪದರ,” ಅಂದರು.

“ಮಾಡತೀನ್ರಿ,” ಅಂದೆ. “ಆದ್ರ ಬನಿಯನ್ ಅವರ ಮನೀವರದ ಆಗಬೇಕು. ನಮ್ಮವರ ಹಂತೇಕ ಉಳದಿಲ್ಲ.”

ಕುಡಚಿಯ ತಾಯಿ ಆಗಲೇ ಅಳಿಯನಿಗೆ ಫೋನು ಹಚ್ಚಿದ್ದಳು.

ಮೊಮ್ಮಗಳು ದವಾಖಾನೆ ಬಿಡಲು ಮತ್ತೆ ಹನ್ನೆರಡು ದಿನ ಹಿಡಿದವು. ಆದರೆ ನನ್ನ ಜೀವಕ್ಕೆ ಆಕೆ ಮನೆಗೆ ಬಂದದ್ದು ಅವತ್ತೇ. ಮಧ್ಯಾಹ್ನದ ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ, ನಿಂತೇ ಬಂದೆ, ಕಾಲು ನೋಯಲಿಲ್ಲ. ಬಟ್ಟೆಯ ಚೀಲ ಕೆಳಗಿಟ್ಟು, ದೇವರ ಮುಂದೆ ಕೂತು ಏನೂ ಬೇಡಲಿಲ್ಲ, ಕೊಟ್ಟದ್ದನ್ನು ಒಂದೊಂದೇ ಎಣಿಸಿ ಹೇಳಿದೆ. ಎಣಿಸಿ ಮುಗಿಯುವುದರೊಳಗೆ ಅತ್ತೆ ಒಳಗಿನಿಂದ ಕೂಗಿದರು, ಮಂದಿ ಉಣ್ಣುವ ಹೊತ್ತಾಯಿತು ಅಂತ. ಸೆರಗು ಸಿಕ್ಕಿಸಿಕೊಂಡು ಎದ್ದು ಒಲೆ ಹೊತ್ತಿಸಿದೆ, ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು ನಾದಲು ಕೂತೆ.